ಹೊಸ್ತಿಲ ಮೇಲಿನ ಬನ್ನಿ

ಎಪ್ಪತ್ತರ ದಶಕದಲ್ಲಿ ನಾನು ಮೋರಟಗಿಯಲ್ಲಿ ಆರನೇ ಇಯತ್ತೆ ಓದುತ್ತಿದ್ದೆ. ಒಂದು ದಿನ ಮಾಸ್ತರರು ಗೋಡೆಗೆ ಪಟವೊಂದನ್ನು ತೂಗುಹಾಕಿದರು. ಮಂಗನಿಂದ ಮನುಷ್ಯನವರೆಗೆ ಐದು ಜನ ಸಾಲಾಗಿ ಹೊರಟಿದ್ದರು. ಮೊದಲನೆಯವನು ಥೇಟ್ ನನ್ನ ತಮ್ಮನಂತಿದ್ದ. ನಾನು ಎದ್ದು ಕೇಳಿದೆ:

“ಕಡೀಯಾಂವನ ಮುಂದ ಯಾರ್ ಬರ್ತಾರ್ರಿ, ಸರ?”

“ಜಗಳಾ ಬಿಟ್ಟಾಂವ ಬರ್ತಾನವಾ. ಇನ್ನೂ ಹಾದ್ಯಾಗ ಅದಾನ,” ಎಂದರು.

ನನಗೆ ಆ ಮನುಷ್ಯ ತುರ್ತಾಗಿ ಬೇಕಾಗಿದ್ದ. ಹೊಲದ ಬದುವಿನ ಸಲುವಾಗಿ ಅಪ್ಪ ಮತ್ತು ಅವನ ತಮ್ಮ, ನಮ್ಮ ಕಾಕಾ, ಮಾತು ಬಿಟ್ಟು ಎರಡು ವರ್ಷವಾಗಿತ್ತು. ಗೇಣಗಲ ನೆಲ, ಹುಲ್ಲು ಬಿಟ್ಟರೆ ಅದರಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಕಾಕಾ ಹೆಗಲ ಮೇಲೆ ಕೂರಿಸಿಕೊಂಡು ಹೊಲಕ್ಕೆ ಒಯ್ಯುತ್ತಿದ್ದುದು ನೆನಪಾಗಿ ನನಗೆ ಅಳು ಬರುತ್ತಿತ್ತು.

ದಸರೆಯ ಸಂಜೆ ಬನ್ನಿ ಎಲೆ ಕೊಡುವಾಗ ನಮ್ಮಲ್ಲಿ ಹಳೆಯ ಸಿಟ್ಟನ್ನು ಯಾರೂ ಎತ್ತುವಂತಿಲ್ಲ. ಕಿರಿಯರು ಹಿರಿಯರ ಮನೆಗೆ ಹೋಗಿ ಎಲೆ ಕೊಟ್ಟು ಕಾಲಿಗೆ ಬಿದ್ದರೆ ಮುಗಿಯಿತು. ಕಾಕಾ ಕಿರಿಯ, ಆದರೆ ಬದು ಒತ್ತಿದವನು ಅಪ್ಪ. ಹೀಗಾಗಿ ಕಾಕಾ ಬರುತ್ತಿರಲಿಲ್ಲ, ಅಪ್ಪ ಕರೆಯುತ್ತಿರಲಿಲ್ಲ. ಆ ವರ್ಷ ನಾನೇ ಒಂದು ಹಿಡಿ ಬನ್ನಿ ಒಯ್ದು ಕಾಕಾನ ಕೈಗಿಟ್ಟೆ.

“ಅಪ್ಪ ಕೊಟ್ಟು ಕಳಿಸ್ಯಾನ. ಬಾ ಅಂದಾನ.”

ಶುದ್ಧ ಸುಳ್ಳು. ಕಾಕಾ ಎಲೆಗಳನ್ನು ಕಣ್ಣಿಗೊತ್ತಿಕೊಂಡ. “ಖರೇನ ಅಂದಾನೇನು?” ಎಂದು ಎರಡು ಸಲ ಕೇಳಿದ. ನಾನು ಮನೆಗೆ ಓಡಿದೆ. ಅಪ್ಪನಿಗೆ ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ, ಕಾಕಾ ತೊಳೆದ ಧೋತರ ಉಟ್ಟು, ಅದೇ ಬನ್ನಿ ಹಿಡಿದು ನಮ್ಮ ಹೊಸ್ತಿಲಿಗೆ ಬಂದೇಬಿಟ್ಟ.

ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದ ಅಪ್ಪ ಅಲ್ಲಿಂದಲೇ ಕೂಗಿದ: “ಯಾರ್ ಬಂದಾರವಾ?”

ಕಾಕಾ ಎಂದಿದ್ದರೆ ಸಾಕಿತ್ತು. ಆದರೆ ಯಾರು ಕರೆದರು ಎಂದು ಅಪ್ಪ ಕೇಳುತ್ತಾನೆ, ಸುಳ್ಳು ಬಯಲಾಗುತ್ತದೆ, ಬೆನ್ನು ಮುರಿಯುತ್ತಾನೆ ಎಂದು ಹೆದರಿದೆ.

“ಯಾರೂ ಇಲ್ಲಪಾ,” ಎಂದೆ.

ಕಾಕಾ ನನ್ನನ್ನೇ ನೋಡಿದ. ಅಪ್ಪ ಕರೆದಿರಲಿಲ್ಲ ಎಂಬುದು ಅವನಿಗೆ ತಿಳಿಯಿತು. ಬಾಗಿ, ಎಲೆಗಳನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದ. ಮತ್ತೆ ಬರಲಿಲ್ಲ.

ಇಬ್ಬರೂ ಈಗಿಲ್ಲ. ದಸರೆಯ ಸಂಜೆ ನಾನು ಇಂದಿಗೂ ಬಾಗಿಲು ತೆರೆದಿಟ್ಟು ಕೂಡುತ್ತೇನೆ. ಮಾಸ್ತರರು ಹೇಳಿದ ಮನುಷ್ಯ ಅವತ್ತು ನಮ್ಮ ಹೊಸ್ತಿಲತನಕ ಬಂದಿದ್ದ. ಯಾರೂ ಇಲ್ಲ ಎಂದವಳು ನಾನು.