ರೊಟ್ಟಿ ಬುಟ್ಟಿಯ ಮೇಲಿಟ್ಟ ಫೋನು

ಇದನ್ನು ಹೇಳಬೇಕೆಂದು ಕುಳಿತಾಗಲೆಲ್ಲ ಚಹಾದ ನೆಪ ಮಾಡಿ ಎದ್ದಿದ್ದೇನೆ. ಹೀಗೇ ವರ್ಷಗಳು ಹೋದವು.

ಮರಾಠಿ ಸೀಮೆಯ ಭೋಸರಿಯ ಕಾರ್ಖಾನೆಯೊಂದರಲ್ಲಿ ಲೇಥ್ ಮಷೀನು ನಡೆಸುತ್ತಿದ್ದೆ. ಒಳಗೆ ಫೋನ್ ಒಯ್ಯುವಂತಿರಲಿಲ್ಲ. ಬೆಳಿಗ್ಗೆ ಗೇಟಿನಲ್ಲಿ ಕೊಟ್ಟು ತಗಡಿನ ಬಿಲ್ಲೆ ಪಡೆಯಬೇಕು, ಸಂಜೆ ಬಿಲ್ಲೆ ಕೊಟ್ಟು ಫೋನ್ ಪಡೆಯಬೇಕು. ಅಲ್ಲಿ ಕೂರುತ್ತಿದ್ದವಳು ನಮ್ಮ ಕಲಬುರಗಿ ಕಡೆಯ ಹೆಣ್ಣುಮಗಳು. ಗಂಡ ಇರಲಿಲ್ಲ, ಆ ಕೆಲಸದ ಮೇಲೆಯೇ ಮನೆ ನಡೆಯುತ್ತಿತ್ತು.

ನನ್ನದು ಗುಂಡಿ ಒತ್ತುವ ಸಣ್ಣ ಫೋನು. ಕೊಂಡು ವರ್ಷವಾಗಿರಲಿಲ್ಲ, ಆಗಲೇ ಸಂಜೆ ಕೈಗೆ ಬರುವಷ್ಟರಲ್ಲಿ ಚಾರ್ಜ್ ಇಳಿದಿರುತ್ತಿತ್ತು. ಬೆಳಿಗ್ಗೆ ತುಂಬಿಸಿ ಕೊಟ್ಟದ್ದು ಎಲ್ಲಿ ಹೋಗುತ್ತದೆ? ಹಿಂದಿನ ಮುಚ್ಚಳ ಉಗುರಿನಿಂದ ಮೀಟಿದರೆ ಬ್ಯಾಟರಿ ಕೈಗೆ ಬರುತ್ತದೆ. ಅವಳ ಬಳಿಯೂ ಅಂಥದೇ ಫೋನು, ಅವಳದು ಮಾತ್ರ ಸಂಜೆಯ ತನಕ ಹಾಡುತ್ತಿತ್ತು. ಅವಳ ಬೆರಳುಗಳನ್ನೇ ನೋಡತೊಡಗಿದೆ.

“ನನ್ನ ಫೋನ್ ಯಾರರೆ ಮುಟ್ಟತಾರೇನವಾ?” ಎಂದು ಒಮ್ಮೆ ಕೇಳಿದೆ.

“ಯಾರ ಮುಟ್ಟತಾರ ಕಾಕಾ? ಕಾಕೂನ ಬಿಟ್ರ ನಿಮಗ ಫೋನ್ ಮಾಡವರರೆ ಯಾರ ಅದಾರ?” ಎಂದು ನಕ್ಕಳು.

ಆ ನಗುವೂ ಕಳ್ಳನಗುವಾಗಿ ಕಂಡಿತು. ಅಂದೇ ಬ್ಯಾಟರಿಯ ಮೇಲೆ ಪೆನ್ನಿನಿಂದ ನನ್ನ ಹೆಸರಿನ ಮೊದಲಕ್ಷರ ಬರೆದಿಟ್ಟೆ.

ಕೆಲವು ವಾರಗಳ ಮೇಲೆ ಒಂದು ಸಂಜೆ ಫೋನ್ ಕೈಗೆ ಬಂದಾಗ ಅದರ ಬೆನ್ನು ಉಬ್ಬಿತ್ತು. ತೆರೆದು ನೋಡುವ ತಾಳ್ಮೆಯೂ ನನಗಿರಲಿಲ್ಲ. ಸೀದಾ ಸೂಪರ್‌ವೈಸರ್ ಹತ್ತಿರ ಹೋಗಿ, ಇವಳು ಒಳ್ಳೆಯ ಬ್ಯಾಟರಿ ತೆಗೆದುಕೊಂಡು ಕೆಟ್ಟದ್ದು ಹಾಕಿದ್ದಾಳೆ ಎಂದೆ. ಅವಳನ್ನು ಕರೆಸಿದರು.

“ಖರೇನ ನಾ ಮುಟ್ಟಿಲ್ರಿ ಕಾಕಾ. ನೀವರೆ ಹೇಳ್ರಿ,” ಎಂದಳು.

ನಾನು ಗೋಡೆ ನೋಡಿದೆ. ನಾಳೆಯಿಂದ ಬರಬೇಡ ಎಂದು ಅವಳಿಗೆ ಹೇಳಿದರು.

ಮನೆಯ ದಾರಿಯಲ್ಲಿದ್ದ ರಿಪೇರಿ ಅಂಗಡಿಯವನು ಮುಚ್ಚಳ ತೆಗೆದ. ಉಬ್ಬಿದ ಬ್ಯಾಟರಿಯ ಮೇಲೆ ನನ್ನ ಅಕ್ಷರ ಹಾಗೇ ಇತ್ತು. ಚಾರ್ಜಿಗೆ ಎಲ್ಲಿಡುತ್ತೀರಿ ಎಂದು ಮರಾಠಿಯಲ್ಲಿ ಕೇಳಿದ.

ನಮ್ಮದು ಒಂದೇ ಖೋಲಿಯ ಮನೆ, ಪ್ಲಗ್ ಇರುವುದು ಒಲೆಯ ಪಕ್ಕ. ಹೆಂಡತಿ ಜೋಳದ ರೊಟ್ಟಿ ಬಡಿದು, ಬಿಸಿಬಿಸಿಯಾಗಿ ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚುತ್ತಿದ್ದಳು. ದಿನವೂ ಅದರ ಮೇಲೆಯೇ ಫೋನ್ ಇಟ್ಟು, ಹಿಟ್ಟಿನ ಧೂಳು ಬೀಳದಿರಲೆಂದು ಕರವಸ್ತ್ರ ಹೊದಿಸುತ್ತಿದ್ದೆ. ಅವನಿಗೆ ಅದನ್ನೇ ಹೇಳಿದೆ.

“ರೊಟ್ಟಿ ಜೊತೆ ಬ್ಯಾಟರಿನೂ ಸುಟ್ಟೀರಲ್ಲ ಕಾಕಾ,” ಎಂಬರ್ಥದಲ್ಲಿ ಅವನು ನಕ್ಕ. ಚಾರ್ಜ್ ಆಗುವಾಗ ಫೋನನ್ನು ಮುಚ್ಚಬಾರದು, ಬಿಸಿಯ ಹತ್ತಿರ ಇಡಬಾರದು, ಉಬ್ಬಿದ ಬ್ಯಾಟರಿಯನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಮಾಡಬಾರದು, ಕಸಕ್ಕೂ ಎಸೆಯಬಾರದು ಎಂದು ಹೇಳಿ ಅದನ್ನು ತನ್ನಲ್ಲೇ ಇಟ್ಟುಕೊಂಡ.

ಕಾರ್ಖಾನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಸೂಪರ್‌ವೈಸರ್ ಇನ್ನೂ ಹೊರಟಿರಲಿಕ್ಕಿಲ್ಲ. ನಾನು ಹೊಸ ಬ್ಯಾಟರಿ ಹಾಕಿಸಿಕೊಂಡು ಮನೆಗೆ ಹೋದೆ. ಮರುದಿನ ಯಾರು ಕೇಳಿದರೂ, ಬ್ಯಾಟರಿ ಬದಲಾಗಿತ್ತು ಎಂದೇ ಹೇಳಿದೆ.

ಅವಳು ದೌಂಡದಲ್ಲಿ ಅಕ್ಕನ ಮನೆ ಸೇರಿದಳೆಂದು ಆಮೇಲೆ ಕೇಳಿದೆ. ಊರಿಗೆ ಹೋಗುವಾಗಲೆಲ್ಲ ರೈಲುಗಾಡಿ ಅಲ್ಲಿ ನಿಲ್ಲುತ್ತದೆ. ಒಮ್ಮೆಯೂ ಇಳಿದಿಲ್ಲ. ಸುಳ್ಳು ಹೇಳಿದ್ದಕ್ಕೆ ದೇವರ ಮುಂದೆ ತಪ್ಪಾಯಿತು ಎಂದಿದ್ದೇನೆ, ಹೆಂಡತಿಯ ಮುಂದೂ ಎಂದಿದ್ದೇನೆ. ಆ ಮಾತು ಸಲ್ಲಬೇಕಾಗಿದ್ದದ್ದು ಅವರಿಬ್ಬರಿಗಲ್ಲ, ಗೇಟಿನಲ್ಲಿ ಕೂರುತ್ತಿದ್ದ ಆ ಹೆಣ್ಣುಮಗಳಿಗೆ.