ಮೇವು ಕಾಣದ ಕರು

ಆ ವರ್ಷ ನಮ್ಮ ಎಚ್‌ಎಫ್ ತಳಿಯ ಆಕಳು ಹೆಣ್ಣು ಕರು ಹಾಕಿದಾಗ ನನ್ನ ಅತ್ತೆ ಸಂತೋಷಪಡಲಿಲ್ಲ, ಹೆದರಿದರು. ಅದರ ಹಿಂದಿನ ಕರು ಅವರ ಕಣ್ಣೆದುರೇ ಸತ್ತಿತ್ತು.

ತುಕ್ಕಾನಟ್ಟಿ ಹತ್ತಿರದ ನಮ್ಮ ಮನೆಯ ಸುತ್ತ ಕಬ್ಬೇ ಕಬ್ಬು. ಕಟಾವಿನ ಕಾಲದಲ್ಲಿ ಕಬ್ಬಿನ ತುದಿಯ ಹಸಿರು ಎಲೆ, ನಮ್ಮ ಕಡೆ ಅದಕ್ಕೆ ವಾಡಿ ಎನ್ನುತ್ತಾರೆ, ಬೇಕಾದಷ್ಟು ಸಿಗುತ್ತದೆ. ಆ ಹಿಂದಿನ ಕರುವಿಗೆ ಅತ್ತೆ ಎಳೆಯ ವಾಡಿ ಆರಿಸಿ, ಸಣ್ಣಗೆ ಕೊಯ್ದು, ಹುಟ್ಟಿ ಹೆಚ್ಚು ದಿನವಾಗುವ ಮೊದಲೇ ಮುದ್ದಿನಿಂದ ತಿನ್ನಿಸಿದ್ದರು. ಅದೂ ಆಸೆಯಿಂದ ತಿಂದಿತು. ಹೊಟ್ಟೆ ಗಡಿಗೆಯಂತಾಯಿತು, ಬೆನ್ನೆಲುಬು ಎದ್ದು ಕಂಡಿತು. ಹಿಂಡಿ ಬೇಡವಾಯಿತು, ಹಾಲೂ ಬೇಡವಾಯಿತು. ಕೊನೆಗೆ ಭೇದಿ ಹತ್ತಿ ಹೋಗೇಬಿಟ್ಟಿತು. ಮೂಡಲಗಿಯಿಂದ ಬಂದಿದ್ದ ದನದ ಡಾಕ್ಟರು, "ಇಷ್ಟು ಸಣ್ಣದಕ್ಕ ಮೇವು ಅರಗಂಗಿಲ್ರಿ. ಹೊಟ್ಟಿ ತುಂಬತೈತಿ, ಮೈಗೆ ಹತ್ತಂಗಿಲ್ಲ. ಮೊದಲ ಹಾಲು, ನೀರು, ಹಿಂಡಿ. ಮೇವು ಆಮ್ಯಾಲ" ಎಂದು ಹೇಳಿ ಹೋದರು. ಆಮ್ಯಾಲ ಎಂದರೆ ಯಾವಾಗ ಎಂದು ಯಾರೂ ಕೇಳಲಿಲ್ಲ. ಸತ್ತ ಕರುವಿನ ಮುಂದೆ ನಿಂತು ಯಾರು ಕೇಳುತ್ತಾರೆ?

ಹೊಸ ಕರುವನ್ನು ಅತ್ತೆ ಯಾರ ಕೈಗೂ ಕೊಡಲಿಲ್ಲ. ಅದರ ಕೆಳಗೆ ಹುಲ್ಲು ಹಾಸದೆ ಮರಳು ಹಾಸಿದರು. ಗಾಳಿಗೆ ಒಂದು ಒಣ ಎಲೆ ಹಾರಿ ಬಂದರೂ ಓಡಿ ಬಂದು ಗುಡಿಸುವರು. ಹಾಲು, ಹಿಂಡಿ ಮುಗಿದ ಕೂಡಲೇ ಅದರ ಬಾಯಿಗೆ ಬಲೆಯ ಚೀಲ ಕಟ್ಟುವರು. ಮೊದಮೊದಲು ಕರು ಚೆನ್ನಾಗಿಯೇ ಬೆಳೆಯಿತು. ಹಿಂಡಿಯನ್ನು ಬಟ್ಟಲು ನೆಕ್ಕಿ ತಿನ್ನುತ್ತಿತ್ತು. ನಾವು ಹಾಲನ್ನೂ ಬಿಡಿಸಿದೆವು.

ಅಲ್ಲಿಂದ ಶುರುವಾಯಿತು. ಬಾಯಿಯ ಚೀಲ ಬಿಚ್ಚಿದಾಗಲೆಲ್ಲ ಕರು ಗೋಡೆ ನೆಕ್ಕತೊಡಗಿತು, ಕಟ್ಟಿದ ಹಗ್ಗ ಜಗಿಯತೊಡಗಿತು. ತಾಯಿಯ ಬಾಲದ ಕೂದಲು ಕಿತ್ತು ನುಂಗಿತು. ಎಡಪಕ್ಕೆ ಉಬ್ಬಿ, ತಟ್ಟಿದರೆ ಹಲಗೆ ಬಾರಿಸಿದಂತೆ ಸದ್ದು ಮಾಡುತ್ತಿತ್ತು. ಹಿಂಡಿ ಬಟ್ಟಲಲ್ಲೇ ಉಳಿಯಿತು.

"ಅತ್ತಿ, ಒಂದೀಟು ಮೇವು ಕೊಟ್ಟು ನೋಡೂಣ್ರಿ" ಎಂದೆ.

"ನನ್ನ ಕೈಲೆ ಒಂದು ಸತ್ತೈತಿ. ಇನ್ನೊಂದು ಸಾಯೂದು ನೋಡಬೇಕಂತಿಯೇನು?"

ನನ್ನ ಗಂಡ ತಾಯಿಗೆ ಎದುರು ಮಾತಾಡುವವರಲ್ಲ. ನಾನು ಡಾಕ್ಟರಿಗೆ ಫೋನ್ ಹಚ್ಚಿದೆ. ಅವರು ಕೆಲಸದ ಮೇಲೆ ಹುಕ್ಕೇರಿ ಕಡೆ ಹೋಗಿದ್ದರು. ಎಲ್ಲ ಕೇಳಿ, "ಮೆಲುಕು ಹಾಕ್ತೈತೇನ್ರಿ?" ಎಂದರು. ಈ ಕರು ಮೆಲುಕು ಹಾಕಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅತ್ತೆ ಫೋನ್ ಕಸಿದುಕೊಂಡರು.

"ಸಾಹೇಬ್ರ, ಮೇವು ಬ್ಯಾಡ ಅಂದಾವ್ರು ನೀವ!"

"ಯಮ್ಮಾ, ಅದು ಎಳೀ ಕರುವಿನ ಮಾತು. ಇದು ಹಿಂಡಿ ತಿಂದು ಹಾಲು ಬಿಟ್ಟೈತಿ. ಈಗ ಒಣ ಮೇವು ಬೇಕ ಬೇಕು. ಅದಿಲ್ದ ಮೆಲುಕು ಬರಂಗಿಲ್ಲ, ಹೊಟ್ಟ್ಯಾಗ ಗಾಳಿ ನಿಲ್ತೈತಿ. ಸಣ್ಣಗ ಕತ್ತರಿಸಿ ಒಂದೊಂದು ಹಿಡಿ ಹಾಕ್ರಿ. ನಾಳೆ ಮುಂಜಾನೆ ಬರ್ತೇನಿ."

"ಆಗ ಹಂಗಂದ್ರಿ, ಈಗ ಹಿಂಗಂತೀರಿ. ಯಾವುದು ಖರೆ?" ಎಂದು ಅತ್ತೆ ಫೋನನ್ನು ನನ್ನ ಕೈಗೆ ತುರುಕಿದರು.

ನಾನು ಒಣಗಿದ ಜೋಳದ ದಂಟನ್ನು, ಅಂದರೆ ಕಣಕಿಯನ್ನು, ಸಣ್ಣಗೆ ಕತ್ತರಿಸಿ ಬುಟ್ಟಿಯಲ್ಲಿ ತಂದೆ. ಅತ್ತೆ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು. ಮದುವೆಯಾಗಿ ಬಂದಾಗಿನಿಂದ ಅವರೆದುರು ದನಿ ಎತ್ತಿದವಳಲ್ಲ ನಾನು. ಅಂದು ಅಳುತ್ತಲೇ ಕೂಗಿದೆ: "ಇದೂ ಸಾಯಾಕತ್ತೈತ್ರಿ ಅತ್ತಿ! ಕಣ್ಣ ಬಿಟ್ಟು ನೋಡ್ರಿ!"

ಅವರು ನೋಡಿದರು. ಕುತ್ತಿಗೆ ಚಾಚಿ ಉಸಿರಿಗಾಗಿ ಒದ್ದಾಡುತ್ತಿತ್ತು ಕರು. ಬಾಗಿಲಲ್ಲೇ ಕುಳಿತುಬಿಟ್ಟರು. ನಾನು ಅವರನ್ನು ದಾಟಿ ಹೋಗಿ ಕರುವಿನ ಬಾಯಿಯ ಚೀಲ ಬಿಚ್ಚಿ, ಒಂದು ಹಿಡಿ ಕಣಕಿ ಮುಂದೆ ಹಿಡಿದೆ. ಕರು ಮೂಸಿತು, ಒಂದೆರಡು ಚೂರು ಬಾಯಿಗೆ ತೆಗೆದುಕೊಂಡು ಉಗುಳಿತು. ಮತ್ತೆ ಹಿಡಿದೆ. ಈ ಸಲ ಜಗಿಯಿತು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು.

ಮರುದಿನ ಡಾಕ್ಟರು ಬಂದು ಕರುವಿನ ಬಾಯಿಯಿಂದ ಹೊಟ್ಟೆಗೆ ನಳಿಗೆ ಇಳಿಸಿ ಗಾಳಿ ತೆಗೆದರು, ಎಣ್ಣೆ ಕುಡಿಸಿದರು. "ಉಳಿದ್ರ ಉಳೀತೈತಿ" ಎಂದಷ್ಟೇ ಹೇಳಿದರು. ನಾವು ಹಿಂಡಿಯ ಜೊತೆ ಹಿಡಿಹಿಡಿ ಕಣಕಿ ಹಾಕುತ್ತ ಕಾದೆವು. ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ.

ಕೆಲವು ದಿನ ಕಳೆದು, ಒಂದು ಮಧ್ಯಾಹ್ನ, ಮಲಗಿದ್ದ ಕರುವಿನ ದವಡೆ ಆಡುತ್ತಿರುವುದು ಕಂಡಿತು. ಮುಂದೆ ಮೇವಿರಲಿಲ್ಲ. ಅತ್ತೆ ಓಡಿ ಬಂದವರೇ, "ಏನ ನುಂಗೈತಿ? ತಗೀ, ತಗೀ!" ಎಂದು ಅದರ ಬಾಯಿಗೆ ಬೆರಳು ತುರುಕಿದರು.

"ಮೆಲುಕು ಹಾಕಾಕತ್ತೈತ್ರಿ ಅತ್ತಿ."

ಹುಟ್ಟಿದಾಗಿನಿಂದ ದನಗಳ ನಡುವೆಯೇ ಬಾಳಿದ ಹೆಂಗಸು ಅವರು, ಹೆದರಿಕೆಯಲ್ಲಿ ಮೆಲುಕನ್ನೂ ಗುರುತಿಸಿರಲಿಲ್ಲ. ಬೆರಳು ಹೊರಗೆ ತೆಗೆದು, ಕರುವಿನ ಕೊರಳಿಗೆ ಆತುಕೊಂಡು ಬಹಳ ಹೊತ್ತು ಅತ್ತರು. ಅತ್ತದ್ದು ಸತ್ತ ಕರುವಿಗಾಗಿ. "ಅದಕ್ಕ ನಾನ ತಿನ್ನಿಸಿದ್ನೆವ್ವಾ, ಅದು ಬ್ಯಾಡಂದಿರಲಿಲ್ಲ" ಎನ್ನುತ್ತಿದ್ದರು.

ಈ ಕರು ಬದುಕಿತು. ಅದೇ ವಯಸ್ಸಿನ ಬೇರೆ ಕರುಗಳಿಗಿಂತ ಸಣ್ಣದಾಗಿಯೇ ಉಳಿದಿದೆ. ಅತ್ತೆ ಈಗಲೂ ಬುಟ್ಟಿ ಹಿಡಿದು ಅದರ ಮುಂದೆ ನಿಂತು, ನನ್ನ ಕಡೆ ತಿರುಗಿ, "ಹಾಕಲೇನ?" ಎಂದು ಕೇಳುತ್ತಾರೆ. ನಾನು ಹೂಂ ಅನ್ನುವವರೆಗೆ ಅವರ ಕೈ ಮುಂದೆ ಹೋಗುವುದಿಲ್ಲ.