ಹದಿನಾಲ್ಕನೇ ಪುಟದ ಹಳದಿ

ಇವಳ ಮುತ್ತಜ್ಜ ನೂಲಿಗೆ ಬಣ್ಣ ಹಾಕುವವನು. ಮೊಣಕೈವರೆಗೆ ನೀಲಿಯಾಗಿಯೇ ಬಾಳಿ, ನೀಲಿಯಾಗಿಯೇ ಮಣ್ಣಾದ. ಅವನ ಮಗ ಅಂಗಡಿ ಬಾಗಿಲುಗಳಿಗೆ ಬಣ್ಣ ಬಳಿಯುತ್ತಿದ್ದ. ಹತ್ತು ವರ್ಷ ಬಿಸಿಲಿಗೊಡ್ಡಿದರೂ ಮಾಸದ ಕೆಂಪು ಕಲಸುತ್ತಾನೆಂದು ಹೆಸರು ಮಾಡಿದ್ದ. ಅವನ ಹಿರಿಯ ಮಗ, ಅಂದರೆ ನನ್ನ ಅಣ್ಣ, ಬೋರ್ಡು ಬರೆಯುವವನು. ಆಳೆತ್ತರದ ಅಕ್ಷರವನ್ನು ದಾರ ಹಿಡಿಯದೆ ನೆಟ್ಟಗೆ ನಿಲ್ಲಿಸುತ್ತಿದ್ದ. ಅವನ ಏಣಿ ಹಿಡಿದು ನಿಂತೇ ನಾನು ಓದು ಕಲಿತೆ. ಯಾವ ಶಾಲೆಯ ಹಂಗೂ ನನಗಿಲ್ಲ. ಆ ಅಣ್ಣನ ಮಗಳೇ ಇವಳು. ನಮ್ಮ ವಂಶದಲ್ಲಿ ಬಣ್ಣದ ವಿಷಯಕ್ಕೆ ಕಕ್ಕಾಬಿಕ್ಕಿಯಾದವಳು ಇವಳೊಬ್ಬಳೇ.

ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ಎರಡು ಪುಟ ಇವಳದು, ಹದಿನಾಲ್ಕನೆಯದು ವಿಜ್ಞಾನ, ಇಪ್ಪತ್ತನೆಯದು ಕಲೆ. ಓದುವವರು ಆರೇಳು ವರ್ಷದವರು. ಏನು ಹೇಳಿದರೂ ‘ಯಾಕೆ’ ಅನ್ನುತ್ತಾಳೆಂದು ಕಚೇರಿಯವರು ಯಾಕಮ್ಮ ಎಂದೇ ಕರೆಯುತ್ತಾರೆ. ಕೈಯಾರೆ ಮಾಡಿ ನೋಡದ ಒಂದು ಸಾಲನ್ನೂ ಬರೆಯುವವಳಲ್ಲ. ಇರುವೆ ಎಷ್ಟು ಭಾರ ಹೊರುತ್ತದೆಂದು ಬರೆಯುವುದಕ್ಕೆ ಸಕ್ಕರೆ ಕಾಳು ಹಿಡಿದು ಮೂರು ದಿನ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಳು. ವಿಜ್ಞಾನಕ್ಕೊಂದು ನೋಟ್‌ಬುಕ್ಕು, ಕಲೆಗೊಂದು. ಎರಡನ್ನೂ ಒಟ್ಟಿಗೆ ಎಂದೂ ಬಿಚ್ಚುತ್ತಿರಲಿಲ್ಲ. ಎಡವಟ್ಟಾದದ್ದು ಅಲ್ಲೇ.

ಒಂದು ದಿನ ಪುಟ್ಟ ಹುಡುಗಿಯೊಬ್ಬಳ ಕಾಗದ ಬಂತು. ‘ಅಕ್ಕಾ, ಕೆಂಪು ಹಸಿರು ಸೇರಿದರೆ ಹಳದಿ ಅಂತ ಹದಿನಾಲ್ಕನೇ ಪುಟದಲ್ಲಿ ಬರೆದಿದ್ದೀರಿ. ಇಪ್ಪತ್ತನೇ ಪುಟದಲ್ಲಿ ಕೆಸರು ಬಣ್ಣ ಅಂತ ಬರೆದಿದ್ದೀರಿ. ನೀವು ಸುಳ್ಳು ಹೇಳಿದ್ದು ಯಾವ ಪುಟದಲ್ಲಿ?’

ಸಂಪಾದಕರು ಕಾಗದವನ್ನು ಮೇಜಿನ ಮೇಲೆ ತಳ್ಳಿದರು. “ಶುಕ್ರವಾರ ಅಚ್ಚಿಗೆ ಹೋಗುತ್ತೆ. ಎಂಟು ಸಾಲಲ್ಲಿ ಬಿಡಿಸಿ ಹೇಳಿ. ಆಗಲ್ಲ ಅಂದ್ರೆ ವಿಜ್ಞಾನದ ಪುಟ ಮೇಷ್ಟ್ರಿಗೆ ಕೊಡ್ತೀನಿ.”

ಮೇಷ್ಟ್ರು ಅಂದರೆ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು.

ಇವಳು ನೇರ ನನ್ನ ಮನೆಗೆ ಬಂದಳು. ಮಟಮಟ ಮಧ್ಯಾಹ್ನ ಕಿಟಕಿಗೆ ಕಂಬಳಿ ಬಿಗಿದು, ಎರಡು ಟಾರ್ಚುಗಳ ಬಾಯಿಗೆ ಪೆಪ್ಪರ್‌ಮೆಂಟಿನ ಕೆಂಪು, ಹಸಿರು ಕಾಗದ ಸುತ್ತಿ ಬಿಳಿ ಗೋಡೆಗೆ ಹಿಡಿದಳು. ಎರಡು ಬೆಳಕು ಕೂಡಿದ ಕಡೆ ಹಳದಿಯೇ! ಇತ್ತ ನಾನು ತಟ್ಟೆಯಲ್ಲಿ ಕೆಂಪು, ಹಸಿರು ಬಣ್ಣ ಕಲಸಿದೆ. ಎಮ್ಮೆ ಹೊರಳಾಡಿದ ಹೊಂಡದಂತಾಯಿತು.

“ಚಿಕ್ಕಪ್ಪಾ, ಇದರಲ್ಲಿ ಯಾವುದು ಸುಳ್ಳು?”

“ಎರಡೂ ಕಣ್ಣೆದುರಿಗೇ ಇದೆಯಲ್ಲೇ! ಬಣ್ಣಕ್ಕೆ ಬಣ್ಣ ಸೇರಿಸಿದಷ್ಟೂ ಕಪ್ಪಿಗೆ ತಿರುಗುತ್ತೆ. ದೀಪಕ್ಕೆ ದೀಪ ಸೇರಿಸಿದ್ರೆ ಬೆಳಕು ಜಾಸ್ತಿ.”

“ಅಷ್ಟು ನನಗೂ ಹೊಳೀತು. ಬೆಳಕು ಜಾಸ್ತಿ ಆಗ್ಲಿ, ಸರಿ. ಹಳದಿನೇ ಯಾಕಾಗ್ಬೇಕು? ಅದನ್ನ ಯಾರು ತಂದು ಹಾಕಿದ್ರು?”

ನಾನು ತಟ್ಟೆಯ ಬಣ್ಣವನ್ನು ಇನ್ನೊಮ್ಮೆ ಕಲಸತೊಡಗಿದೆ.

“ಬಣ್ಣದಲ್ಲೇ ಹುಟ್ಟಿದ್ದು ಅಂತ ಎದೆ ತಟ್ಟಿಕೊಳ್ತಿದ್ದೆಯಲ್ಲ, ಈಗೇನಾಯ್ತು?” ಎಂದು ಚುಚ್ಚಿದಳು.

ಮರುದಿನ ಇವಳು ಮತ್ತೆ ಗೋಡೆಗೆ ಟಾರ್ಚು ಹಿಡಿದಿದ್ದಾಗ, ಸಂಪಾದಕರಿಂದ ವಿಷಯ ತಿಳಿದು ಮೇಷ್ಟ್ರೇ ನನ್ನ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಸಹಾಯ ಮಾಡಲೆಂದೇ ಬಂದಿದ್ದರು.

“ಹಳದಿ ಗೋಡೆ ಮೇಲಿಲ್ಲ ತಾಯಿ. ಅಲ್ಲಿರೋದು ಕೆಂಪು ಬೆಳಕು, ಹಸಿರು ಬೆಳಕು, ಅಷ್ಟೇ. ಎರಡೂ ಒಟ್ಟಿಗೆ ಬಿದ್ದಾಗ ಹಳದಿ ಅನ್ನೋದು ನಿಮ್ಮ ಕಣ್ಣು, ಮಿದುಳು.”

“ಹಾಗಾದ್ರೆ ಸುಳ್ಳು ಹೇಳ್ತಿರೋದು ನನ್ನ ಕಣ್ಣಾ?”

“ಸುಳ್ಳಲ್ಲಮ್ಮ, ಕಣ್ಣಿನ ಕೆಲಸವೇ ಅದು.”

“ಮತ್ತೆ ನಿಂಬೆಹಣ್ಣು?”

“ಅದರ ಹಳದಿಯೂ ನಿಮ್ಮ ಕಣ್ಣೊಳಗೇ.”

“ಮುಗೀತು ಬಿಡಿ. ನಿಂಬೆಹಣ್ಣೂ ಕೈಬಿಟ್ಟು ಹೋಯ್ತು!”

ಮೇಷ್ಟ್ರು ನಕ್ಕು, ಅಲ್ಲೇ ಕೂತು ಎಂಟು ಸಾಲು ಬರೆದುಕೊಟ್ಟು ಹೋದರು. ಇವಳು ಅದನ್ನು ಹತ್ತು ಸಲ ಓದಿದಳು. ಓದುವಾಗ ತಿಳಿದಂತಾಗುತ್ತಿತ್ತು; ಹಾಳೆ ಮಡಚಿ ನನಗೆ ಹೇಳಲು ಹೊರಟರೆ ಮೂರನೇ ಮಾತಿಗೇ ತೊಡರುತ್ತಿತ್ತು. ಕೇಳಿ ಕೇಳಿ ನನ್ನ ತಲೆಯೂ ಗಿರ್ರೆಂದಿತು. ರಾತ್ರಿ ಮನೆಯಲ್ಲಿ ಇವಳ ಗಂಡ ಉಣ್ಣಲು ಕರೆದರೆ, “ಇರಿ, ತಟ್ಟೆಯ ಬಣ್ಣ ತಟ್ಟೆಯಲ್ಲಿದೆಯೋ ಇಲ್ಲವೋ ಗೊತ್ತಾಗ್ಲಿ” ಅಂದಳಂತೆ.

ಶುಕ್ರವಾರ ಅವಳ ಜೊತೆ ನಾನೂ ಕಚೇರಿಗೆ ಹೋದೆ. ಸಂಪಾದಕರ ಮುಂದೆ ಎರಡು ಹಾಳೆ ಇಟ್ಟಳು. ಒಂದು ಮೇಷ್ಟ್ರದ್ದು. ಇನ್ನೊಂದರಲ್ಲಿ ಇವಳು ಬರೆದಿದ್ದಳು: ‘ಪುಟ್ಟಿ, ಎರಡು ಪುಟವೂ ನಿಜ. ಬೆಳಕಿಗೆ ಬೆಳಕು ಸೇರಿದರೆ ಹೆಚ್ಚುತ್ತದೆ. ಬಣ್ಣ ಬೆಳಕನ್ನು ನುಂಗುತ್ತದೆ. ಎರಡು ಬಣ್ಣ ಸೇರಿದರೆ ಇನ್ನೂ ಹೆಚ್ಚು ನುಂಗುತ್ತವೆ. ಟಾರ್ಚಿನ ಬೆಳಕು ಹಳದಿಯೇ ಯಾಕಾಯಿತೆಂದು ನನಗಿನ್ನೂ ತಿಳಿದಿಲ್ಲ. ನೀನೂ ಮಾಡಿ ನೋಡು.’

ಸಂಪಾದಕರು ಹಣೆ ಒತ್ತಿಕೊಂಡರು. “ಗೊತ್ತಿಲ್ಲ ಅಂತ ಅಚ್ಚು ಹಾಕಿಸೋದಾ? ಜನ ನಗ್ತಾರಮ್ಮ. ಮೇಷ್ಟ್ರು ಬರೆದದ್ದನ್ನೇ ನಿಮ್ಮ ಹೆಸರಲ್ಲಿ ಹಾಕೋಣ. ಅವರೂ ಒಪ್ಪಿದ್ದಾರೆ. ಪುಟವೂ ನಿಮ್ಮ ಹತ್ರಾನೇ ಉಳಿಯುತ್ತೆ.”

ನಾನು ಮೊಣಕೈಯಿಂದ ತಿವಿದೆ, ಹೂಂ ಅನ್ನೇ ಎಂದು. ಇವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಬೇಡ ಸರ್. ಮೇಷ್ಟ್ರು ಬರೆದದ್ದು ಸರಿಯಾಗೇ ಇರಬಹುದು. ಅದನ್ನ ಓದಿ ಆ ಹುಡುಗಿ ತಿರುಗಿ ಕೇಳಿದ್ರೆ ನಾನೇನು ಹೇಳ್ಲಿ? ಪುಟ ಅವರಿಗೇ ಕೊಡೋದಾದ್ರೆ ಕೊಡಿ, ಅವರ ಹೆಸರೇ ಹಾಕಿ. ನನ್ನ ಹೆಸರಿರೋ ಕಡೆ ನನಗೆ ಗೊತ್ತಿರೋ ಅಷ್ಟೇ ಇರ್ಲಿ.”